ಭಾಗವ್ವನ ಬಿಸ್ಕಿಟ್ ಡಬ್ಬಿ

ಕಾಪುವಿನ ಹೆದ್ದಾರಿ ಬದಿಯ ತಗಡಿನ ಶೆಡ್ಡುಗಳಲ್ಲಿ ಯಾರಿಗೇ ಮೈ ಬಿಸಿಯಾದರೂ ಮೊದಲು ಹೋಗುತ್ತಿದ್ದುದು ಡಾಕ್ಟರ ಹತ್ತಿರವಲ್ಲ, ಭಾಗವ್ವನ ಹತ್ತಿರ. ಕುಷ್ಟಗಿ ಕಡೆಯಿಂದ ಗಂಡನೊಂದಿಗೆ ಗಾರೆ ಕೆಲಸಕ್ಕೆ ಬಂದು ಹನ್ನೊಂದು ವರ್ಷವಾದ ಹೆಂಗಸು. ಓದು ಬರಹ ಇಲ್ಲ, ಬಾಯಿ ಮಾತ್ರ ಭರ್ಜರಿ. ಅವಳ ಬಳಿ ಒಂದು ಹಳೆಯ ಬಿಸ್ಕಿಟ್ ಡಬ್ಬಿ. ಎಂಟು ಶೆಡ್ಡಿನವರು ತಿಂದು ಉಳಿಸಿದ ಗುಳಿಗೆಗಳೆಲ್ಲ ಅದರೊಳಗೆ. ಬಣ್ಣ ನೋಡಿ ಗುರುತಿಟ್ಟುಕೊಂಡು, ಕೇಳಿದವರಿಗೆ ಕೊಡುತ್ತಿದ್ದಳು. ರೊಟ್ಟಿ ಹಂಚಿಕೊಂಡ ಹಾಗೆ ಔಷಧ ಹಂಚಿಕೊಳ್ಳುವುದೂ ಅಲ್ಲಿಯ ರೂಢಿ. ಹಂಚಿ ಉಂಡರೆ ಹಸಿವಿಲ್ಲ ಅನ್ನುತ್ತಾರಲ್ಲ, ಆ ಮಾತನ್ನು ಗುಳಿಗೆಗೂ ಹೊಂದಿಸಿಬಿಟ್ಟಿದ್ದಳು ಮಾರಾಯ್ತಿ!

ಹೋದ ತಿಂಗಳು ಅವಳ ಗಂಡ ಬಸಯ್ಯ ಸೆಂಟ್ರಿಂಗ್ ಹಲಗೆಯ ಮೊಳೆ ತುಳಿದ. ಮೊದಲೇ ಸಕ್ಕರೆ ಕಾಯಿಲೆಯ ಮೈ. ಎರಡೇ ದಿನದಲ್ಲಿ ಪಾದ ಊದಿ ಕೆಂಪಾಯಿತು. ಡಾಕ್ಟರು ಗಾಯ ತೊಳೆದು, ಇಂಜೆಕ್ಷನ್ ಚುಚ್ಚಿ, ಏಳು ದಿನಕ್ಕೆ ಕ್ಯಾಪ್ಸೂಲು ಬರೆದರು. ಮೆಡಿಕಲ್ ಅಂಗಡಿಯ ಪ್ರಣೀತಾ ಬಿಡಿಸಿ ಬಿಡಿಸಿ ಹೇಳಿದಳು.

"ದಿನಕ್ಕೆ ಮೂರು, ಊಟ ಆದ ಮೇಲೆ. ಕಡಿಮೆಯಾಯಿತು ಅಂತ ನಡುವೆ ನಿಲ್ಲಿಸಬೇಡಿ ಅಕ್ಕ. ಎಂತ ತೊಂದರೆ ಆದರೂ ಡಾಕ್ಟರನ್ನೇ ಕೇಳಿ, ಆಯ್ತಲ್ವಾ?"

"ಆತವ್ವ, ಆತು. ನನಗೇನು ಇದು ಹೊಸಾದಾ?" ಎಂದು ಭಾಗವ್ವ ನಕ್ಕಳು.

ನಾಲ್ಕನೆಯ ದಿನ ಬಾವು ಇಳಿದು, ಬಸಯ್ಯ ಕುಂಟುತ್ತಾ ಚಹಾದಂಗಡಿಗೂ ಹೋಗಿಬಂದ. "ಆರಾಮ ಆದ ಮ್ಯಾಲೂ ಗುಳಿಗಿ ನುಂಗಿದ್ರ ಉಷ್ಣ ಆಗ್ತೈತಿ," ಎಂದು ಭಾಗವ್ವ ಉಳಿದ ಹನ್ನೆರಡನ್ನು ಡಬ್ಬಿಗೆ ಹಾಕಿದಳು. ಮರುದಿನವೇ ಪಕ್ಕದ ಶೆಡ್ಡಿನ ದುರ್ಗೇಶ ನೆಗಡಿ ಎಂದು ಬಂದ. "ಭಾರಿ ಪವರ್ ಅದಾವ ನೋಡು," ಎಂದು ಆರು ಕೊಟ್ಟಳು. ಎದುರು ಶೆಡ್ಡಿನ ಶಶಿಕಲಾಳ ಹಲ್ಲುನೋವಿಗೆ ಮೂರು ಹೋದವು.

ವಾರ ಕಳೆಯಲಿಲ್ಲ, ಬಸಯ್ಯನ ಕಾಲು ಮತ್ತೆ ಊದಿತು, ಈ ಸಲ ಮೀನಖಂಡದವರೆಗೆ. ಡಾಕ್ಟರ ಹತ್ತಿರ ಓಡುವುದು ಬಿಟ್ಟು, ಡಬ್ಬಿಯಲ್ಲಿದ್ದ ಮೂರನ್ನು ನುಂಗಿಸಿ ಒಂದಿಡೀ ದಿನ ಕಾದಳಲ್ಲ, ಏನು ಹೇಳುವುದು! ಸಂಜೆಗೆ ಚಳಿಜ್ವರ ಬಂದು ಬಸಯ್ಯನ ಮಾತು ತೊದಲಿತು. ಮೇಸ್ತ್ರಿ ದೇಜಪ್ಪ ರಿಕ್ಷಾ ಮಾಡಿ ಉಡುಪಿಯ ಆಸ್ಪತ್ರೆಗೆ ಸೇರಿಸಿದ.

"ಮೊದಲಿನ ಮದ್ದು ಎಷ್ಟು ದಿನ ತೆಗೆದುಕೊಂಡರು?" ನರ್ಸ್ ಜೋಸ್ಲಿನ್ ಕೇಳಿದಳು.

ಏಳು ದಿನ ಎಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಳು ಒತ್ತರಿಸಿ ಬಂದು ಭಾಗವ್ವ ಎಲ್ಲವನ್ನೂ ಹೇಳಿಬಿಟ್ಟಳು.

"ನೆಗಡಿಗೆ ಈ ಮದ್ದು ಕೆಲಸವೇ ಮಾಡುವುದಿಲ್ಲ ಅಮ್ಮ. ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರಿಗೆ ಕೊಡುವುದೂ ತಪ್ಪು," ಎಂದಳು ಜೋಸ್ಲಿನ್. ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. "ಕೀವು ಪರೀಕ್ಷೆಗೆ ಹೋಗಿದೆ. ಯಾವ ಮದ್ದು ಹಿಡಿಯುತ್ತದೆ ಅಂತ ತಿಳಿಯಲಿಕ್ಕೆ ಎರಡು ಮೂರು ದಿನ ಬೇಕು. ಅಷ್ಟರವರೆಗೆ ಡ್ರಿಪ್ಪಿನಲ್ಲಿ ಬೇರೆ ಮದ್ದು ಕೊಡುತ್ತೇವೆ."

"ಕಾಲು?"

"ಉಳಿಸಲಿಕ್ಕೆ ನೋಡುತ್ತಿದ್ದಾರೆ."

ಬಸಯ್ಯ ಸಾರವೆ ಹತ್ತಿ ಮೂರನೇ ಮಹಡಿಯ ಗೋಡೆಗೆ ಗಿಲಾವು ಮಾಡುವವನು. ಕಾಲು ಹೋದರೆ ಅವನು ಹೇಗೆ ಬದುಕಬೇಕು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಊರಿಗೆಲ್ಲ ಔಷಧ ಕೊಟ್ಟವಳಿಗೆ ಗಂಡನ ತುಟಿಗೆ ನೀರು ಮುಟ್ಟಿಸುವುದು ಬಿಟ್ಟರೆ ಬೇರೇನೂ ಮಾಡಲು ಇರಲಿಲ್ಲ. ಎರಡು ದಿನ ಬೆಂಚಿನ ಮೇಲೆ ಕೂತು ಕಪ್ಪೇರುತ್ತಿದ್ದ ಪಾದವನ್ನು ನೋಡಿದಳು.

ಮೂರನೆಯ ದಿನ ಮಧ್ಯಾಹ್ನ ದುರ್ಗೇಶ ರೊಟ್ಟಿ ಕಟ್ಟಿಸಿಕೊಂಡು, ಕಡಿಯಾಳಿ ದೇವಸ್ಥಾನದ ಕುಂಕುಮ ಹಿಡಿದು ಬಂದ. ಅಂಗಿಯ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಅವಳ ಅಂಗೈಗೆ ಇಟ್ಟ.

"ಚಿಗವ್ವ, ನನಗ ಎರಡರಾಗ ನೆಗಡಿ ಹೋತು. ನಾಕು ಹಂಗಽ ಇಟ್ಟೀನಿ. ಕಾಕಾಗ ಕೊಡು. ಭಾರಿ ಪವರ್ ಅದಾವಂತ ನೀನಽ ಹೇಳಿದ್ದಿ."

ಪಾಪ, ಅವನಿಗೇನು ಗೊತ್ತು! ಯಾರನ್ನು ಬೈಯುವುದು? ಭಾಗವ್ವ ಪೊಟ್ಟಣವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು.

ಅಷ್ಟರಲ್ಲಿ ಜೋಸ್ಲಿನ್ ಕಾಗದ ಹಿಡಿದು ಬಂದಳು. "ಅಮ್ಮ, ಮೊಣಕಾಲಿನ ಕೆಳಗೆ ತೆಗೆಯಲೇಬೇಕಂತೆ. ಇಲ್ಲದಿದ್ದರೆ ಜೀವಕ್ಕೇ ಅಪಾಯ. ಹೆಬ್ಬೆಟ್ಟು ಒತ್ತಬೇಕು."

ಭಾಗವ್ವ ಕೈ ಚಾಚಿದಳು. ಮುಷ್ಟಿ ಬಿಚ್ಚಲು ಬರಲಿಲ್ಲ. ಜೋಸ್ಲಿನ್‌ಳೇ ಒಂದೊಂದಾಗಿ ಬೆರಳು ಬಿಡಿಸಿ, ಪೊಟ್ಟಣ ತೆಗೆದು ಬದಿಗಿಟ್ಟು, ಹೆಬ್ಬೆರಳಿಗೆ ಮಸಿ ಹಚ್ಚಿದಳು.