ಲಿಂಬೊ ಇಲ್ಲವೆಂದ ಫಾದರ್

ಮೊನ್ನೆ ಕಣ್ಣು ತೋರಿಸಲು ಮಣಿಪಾಲಕ್ಕೆ ಹೋಗಿದ್ದೆ. ಆಸ್ಪತ್ರೆಯ ಲಿಫ್ಟಿನಲ್ಲಿ ಪಕ್ಕಕ್ಕೆ ನಿಂತ ಎಳೆಯ ಡಾಕ್ಟರೊಬ್ಬ ಕೊಲೋನ್ ಬಳಿದುಕೊಂಡಿದ್ದ. ನಿಂಬೆಸಿಪ್ಪೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿಟ್ಟ ಹಾಗಿನ ವಾಸನೆ. ನಮ್ಮ ಊರಿನ ಇಗರ್ಜಿಗೆ ಒಮ್ಮೆ ಬಂದಿದ್ದ ಫಾದರ್ ಹತ್ತಿರವೂ ಅದೇ ವಾಸನೆ ಇತ್ತು. ಇಷ್ಟು ವರ್ಷವಾದರೂ ನನ್ನ ಸಿಟ್ಟು ಒಂದು ಚೂರೂ ಹಳತಾಗಿಲ್ಲ ಎಂದು ನಾಲ್ಕನೆಯ ಮಹಡಿ ಬರುವಷ್ಟರಲ್ಲಿ ನನಗೆ ಗೊತ್ತಾಯಿತು.

ಕಾಪುವಿಗೂ ಕಟಪಾಡಿಗೂ ನಡುವಿನ ಊರು ನಮ್ಮದು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ಅವರು ಬಂದರು. ಯುರೋಪಿನಲ್ಲಿ ಕಲಿತವರು, ಇಂಗ್ಲಿಷ್ ಪುಸ್ತಕಗಳನ್ನು ಪೆಟ್ಟಿಗೆಗಟ್ಟಲೆ ತಂದವರು. ಉಡುಪಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ನನಗೆ ಮೊದಮೊದಲು ಅವರ ಪ್ರವಚನವೆಂದರೆ ಹಬ್ಬ. ಐದು ರೊಟ್ಟಿ, ಎರಡು ಮೀನಿನಿಂದ ಸಾವಿರಾರು ಜನ ಉಂಡದ್ದು ಪವಾಡವೇ ಅಲ್ಲವಂತೆ. ಜನ ಬಚ್ಚಿಟ್ಟುಕೊಂಡಿದ್ದ ಬುತ್ತಿಯನ್ನು ನಾಚಿಕೆಯಿಂದ ಹೊರಗೆ ತೆಗೆದು ಹಂಚಿಕೊಂಡರಂತೆ. ಯೇಸು ನಡೆದದ್ದು ನೀರಿನ ಮೇಲಲ್ಲ, ನೀರೊಳಗಿನ ಮರಳಿನ ದಿಬ್ಬದ ಮೇಲಂತೆ. ದೇವದೂತರು ಎಂದರೆ ಆ ಕಾಲದವರ ಬರವಣಿಗೆಯ ಒಂದು ಶೈಲಿಯಂತೆ. ಪೂಜೆ ಮುಗಿಸಿ ಮನೆಗೆ ನಡೆಯುವಾಗ ಅಪ್ಪ ಮಾತ್ರ ಗೊಣಗಿದರು.

“ಮರಳಿನ ದಿಬ್ಬ ಆದ್ರೆ ಪೇತ್ರ ಮುಳುಗ್ಲಿಕ್ಕೆ ಹೊರಟದ್ದು ಎಲ್ಲಿ ಮಾರಾಯ್ತಿ?”

ಯೇಸುವಿನತ್ತ ನೀರಿನ ಮೇಲೆ ಹೆಜ್ಜೆಯಿಟ್ಟ ಶಿಷ್ಯ ಪೇತ್ರ ಹೆದರಿ ಮುಳುಗತೊಡಗಿದ ಕತೆ ಅದೇ ಪುಟದಲ್ಲಿತ್ತು. ನಾನು ನಕ್ಕೆ. ಆಗ ಇದೆಲ್ಲ ನಗುವ ಸಂಗತಿಯಾಗಿತ್ತು...

ಒಂದು ಭಾನುವಾರ ಫಾದರ್ ಲಿಂಬೊಗೆ ಕೈ ಹಾಕಿದರು. ಜ್ಞಾನಸ್ನಾನವಾಗದೆ ಸತ್ತ ಶಿಶುಗಳು ಸ್ವರ್ಗಕ್ಕೂ ಹೋಗದೆ ನರಕಕ್ಕೂ ಹೋಗದೆ ಉಳಿಯುವ ಜಾಗಕ್ಕೆ ನಮ್ಮವರು ಹೇಳುತ್ತಿದ್ದ ಹೆಸರು ಅದು. “ಇಡೀ ಬೈಬಲ್ ಹುಡುಕಿ, ಲಿಂಬೊ ಅಂತ ಒಂದು ಶಬ್ದ ಇಲ್ಲ. ಹಿಂದಿನ ಕಾಲದ ಪಂಡಿತರಿಗೆ ಬೇರೆ ಕೆಲಸ ಇರಲಿಲ್ಲ,” ಎಂದು ನಕ್ಕರು. ಜನವೂ ನಕ್ಕಿತು. ನನ್ನ ಪಕ್ಕ ಕುಳಿತಿದ್ದ ಅಮ್ಮ ನಗಲಿಲ್ಲ. ಎದುರಿನ ಬೆಂಚನ್ನು ಹಿಡಿದುಕೊಂಡಿದ್ದ ಅವರ ಬೆರಳುಗಳು ಬೆಳ್ಳಗಾಗಿದ್ದವು.

ನನಗೊಬ್ಬ ತಮ್ಮ ಇದ್ದ. ಇದ್ದ ಎಂದರೆ, ಹುಟ್ಟಿ ಒಂದೆರಡು ಉಸಿರು ಎಳೆದ, ಅಷ್ಟೇ. ಅವಸರಕ್ಕೆ ಯಾರು ಬೇಕಾದರೂ ತಲೆಗೆ ನೀರು ಹಾಕಿ ಜ್ಞಾನಸ್ನಾನ ಕೊಡಬಹುದು ಎಂದು ಅಮ್ಮನಿಗೆ ಗೊತ್ತಿತ್ತು. ನೀರಿನ ತಂಬಿಗೆ ಮಂಚದ ಕೆಳಗೇ ಇತ್ತು. ಆ ಗಾಬರಿಯಲ್ಲಿ ಕೈ ಅತ್ತ ಹೋಗಲಿಲ್ಲ. ಆಗಿನ ಮುದಿ ಫಾದರ್ ಕಣ್ಣು ಒದ್ದೆ ಮಾಡಿಕೊಂಡೇ, ಸಿಮೆಟ್ರಿಯ ಒಳಗೆ ಜಾಗ ಕೊಡಲಾಗುವುದಿಲ್ಲ ಎಂದರು. ಮುರಕಲ್ಲಿನ ಗೋಡೆಯ ಹೊರಗೆ, ಒಂದು ಗೇರುಮರದ ಬುಡದಲ್ಲಿ ಅಪ್ಪ ಅವನನ್ನು ಮಣ್ಣು ಮಾಡಿದರು. ಪ್ರತಿ ವರ್ಷ ಸತ್ತವರ ದಿನ ಒಳಗಿನ ಸಮಾಧಿಗಳಿಗೆಲ್ಲ ಫಾದರ್ ತೀರ್ಥ ಚಿಮುಕಿಸಿ ಮುಗಿಸಿದ ಮೇಲೆ, ಅಮ್ಮ ಒಬ್ಬರೇ ಹೊರಗೆ ಹೋಗಿ ಆ ಜಾಗದ ಹುಲ್ಲು ಕೀಳುತ್ತಿದ್ದರು. ತಂಬಿಗೆಯ ಮಾತು ಅವರು ಸಾಯುವವರೆಗೂ ನಿಲ್ಲಲಿಲ್ಲ.

ಆ ಭಾನುವಾರ ಪೂಜೆಯಾದದ್ದೇ ಅಮ್ಮ ನನ್ನನ್ನು ಎಳೆದುಕೊಂಡು ಫಾದರ್ ಬಂಗಲೆಯ ಜಗಲಿಗೆ ಹೋದರು.

“ಫಾದರ್, ಲಿಂಬೊ ಇಲ್ಲ ಅಂತ ಹೇಳಿದ್ರಿ. ನನ್ನ ಮಗು ಹಾಗಾದ್ರೆ ಎಲ್ಲಿ ಉಂಟು?”

“ದೇವರ ಹತ್ರ. ನೀವು ಎಂತಕ್ಕೆ ಚಿಂತೆ ಮಾಡೋದು?”

“ಹಾಗಾದ್ರೆ ಈ ಸಲ ಗೇಟಿಂದ ಹೊರಗೆ ಬಂದು ಅವನಿಗೂ ಒಂಚೂರು ತೀರ್ಥ ಹಾಕಿ.”

ಫಾದರ್ ಮಗುವಿಗೆ ಪಾಠ ಹೇಳುವವರಂತೆ ಮುಗುಳ್ನಕ್ಕರು. “ನೀರಿನಲ್ಲಿ ಎಂತ ಉಂಟು? ಅದು ಬರೀ ಸಂಕೇತ. ದೇವರಿಗೆ ಗೋಡೆ ಇಲ್ಲ. ನಾನು ಹೊರಗೆ ಬಂದ್ರೆ ಜನರ ಮೂಢನಂಬಿಕೆಗೆ ನಾನೇ ಗೊಬ್ಬರ ಹಾಕಿದ ಹಾಗೆ ಆಗ್ತದೆ.”

“ಒಳಗಿನವರಿಗೆ ಹಾಕ್ತೀರಲ್ವಾ?”

ಅವರು ವಾಚು ನೋಡಿಕೊಂಡರು. ಮಣಿಪಾಲದಲ್ಲಿ ಏನೋ ಭಾಷಣವಿತ್ತು.

ಎಂಥ ಬುದ್ಧಿವಂತಿಕೆ ನೋಡಿ. ಆ ವರ್ಷದ ಸತ್ತವರ ದಿನ, ಗಲ್ಫಿನ ದುಡ್ಡಿನಲ್ಲಿ ಎದ್ದ ಅಮೃತಶಿಲೆಯ ಸಮಾಧಿಯೊಂದಕ್ಕೆ ಇದೇ ಫಾದರ್ ಎಷ್ಟು ತೀರ್ಥ ಚಿಮುಕಿಸಿದರೆಂದರೆ, ಪಕ್ಕದಲ್ಲಿ ನಿಂತವರ ಸೀರೆಯೂ ನೆನೆಯಿತು. ಅಲ್ಲಿ ನೀರು ಸಂಕೇತವಾಗಿರಲಿಲ್ಲ. ಗೇಟಿನವರೆಗೆ ಬಂದರು. ಹೊರಗೆ ಗೇರುಮರದ ಬುಡದಲ್ಲಿ ತಲೆಗೆ ಸೆರಗು ಹೊದ್ದು ನಿಂತಿದ್ದ ಅಮ್ಮನನ್ನು ನೋಡಿದರು. ತಿರುಗಿ ಹೋದರು. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಎಂಬ ಗಾದೆ ಭಟ್ಟರಿಗೆ ಮಾತ್ರ ಎಂದುಕೊಂಡಿದ್ದೆ, ನಮ್ಮವರಿಗೂ ಸಲ್ಲುತ್ತದೆ.

“ಮುದಿ ಫಾದರ್ ಅತ್ತುಕೊಂಡು ಬೇಡ ಅಂದ್ರು. ಇವರು ನಗಾಡಿಕೊಂಡು ಬೇಡ ಅಂದ್ರು,” ಎಂದು ಅಮ್ಮ ಮನೆಗೆ ಬಂದು ಒಲೆ ಹೊತ್ತಿಸಿದರು.

ಹೊಸ ಅರ್ಥ ಹೇಳುವುದು ತಪ್ಪೆಂದು ನಾನು ಇಂದಿಗೂ ಹೇಳುವುದಿಲ್ಲ. ಲಿಂಬೊ ಇಲ್ಲದಿರುವುದೇ ಒಳ್ಳೆಯದು; ಆ ಹೆದರಿಕೆಯನ್ನು ಯಾರಾದರೂ ಕಿತ್ತು ಹಾಕಲೇಬೇಕಿತ್ತು. ಆದರೆ ಹಲ್ಲು ಕೀಳುವವನೂ ಆ ಜಾಗಕ್ಕೆ ಒಂದು ಚೂರು ಹತ್ತಿ ಇಡುತ್ತಾನೆ. ಇವರಿಗೆ ಕಿತ್ತು ತೋರಿಸಿದರೆ ಸಾಕಾಗಿತ್ತು. ಪುಸ್ತಕದಲ್ಲಿ ಗೋಡೆ ಕೆಡವಿ, ನೆಲದ ಮೇಲಿನ ಗೋಡೆಯ ಒಳಗೆ ಬೆಚ್ಚಗೆ ನಿಂತ ಇಂಥ ಪಂಡಿತರ ಬಗ್ಗೆ ನನಗೆ ಹೇಸಿಗೆ ಹುಟ್ಟಿತು, ಇನ್ನೂ ಹೋಗಿಲ್ಲ.

ಕೆಲವು ವರ್ಷಗಳ ಮೇಲೆ ಅಮ್ಮನಿಗೆ ಕ್ಯಾನ್ಸರ್ ಆಯಿತು. ಕೊನೆಯ ದಿನಗಳಲ್ಲಿ ಕೇಳಿದ್ದು ಒಂದೇ: ನನ್ನನ್ನು ಅವನ ಪಕ್ಕ ಮಲಗಿಸಿ. ಅವರು ತೀರಿಕೊಂಡ ಬೆಳಿಗ್ಗೆ ಅಪ್ಪನೂ ನಾನೂ ಅದೇ ಜಗಲಿ ಹತ್ತಿದೆವು.

ಫಾದರ್ ಹೌಹಾರಿದರು. “ಹೊರಗೆಯಾ? ಎಂತ ಹೇಳ್ತೀರಿ ನೀವು? ಆಗೋದಿಲ್ಲ. ಅದು ಮಂತ್ರಿಸಿದ ಜಾಗ ಅಲ್ಲ.”

“ದೇವರಿಗೆ ಗೋಡೆ ಇಲ್ಲ ಅಂತ ನೀವೇ ಹೇಳಿದ್ರಲ್ಲ ಫಾದರ್,” ಎಂದೆ.

“ಅದು ದೇವಶಾಸ್ತ್ರ. ಇದು ಆಡಳಿತ.”

ಅಪ್ಪ ನನ್ನ ಕೈ ಹಿಡಿದುಕೊಂಡರು, ಇಲ್ಲದಿದ್ದರೆ ಆ ದಿನ ನಾನು ಏನು ಹೇಳಿಬಿಡುತ್ತಿದ್ದೆನೋ... ಅಪ್ಪ ಬೇಡಿಕೊಂಡದ್ದಕ್ಕೆ ಒಳಗಿನ ಕಡೆ, ಗೇರುಮರದ ನೇರಕ್ಕಲ್ಲವಾದರೂ ಗೋಡೆಗೆ ತಾಗಿದ ಮೂಲೆ ಸಿಕ್ಕಿತು. ಅಮ್ಮನಿಗೂ ಮಗನಿಗೂ ನಡುವೆ ಒಂದು ಕಲ್ಲಿನ ದಪ್ಪದ ಗೋಡೆ ಉಳಿಯಿತು.

ಫಾದರ್ ದೊಡ್ಡ ಹುದ್ದೆಗೆ ಹೋದರು, ಪುಸ್ತಕ ಬರೆದರು, ಸನ್ಮಾನ ಮಾಡಿಸಿಕೊಂಡರು. ಸತ್ತಾಗ ಅವರ ಹುಟ್ಟೂರಿನಲ್ಲಿ, ಕಾರ್ಕಳದ ಕಡೆ, ಸಿಮೆಟ್ರಿಯ ನಡುವಿನ ಶಿಲುಬೆಯ ಬುಡದಲ್ಲೇ ಜಾಗ ಕೊಟ್ಟರಂತೆ. ಜಾಗದಲ್ಲಿ ಎಂತ ಉಂಟು ಎಂದು ಅಲ್ಲಿ ಯಾರೂ ಕೇಳಿದ ಹಾಗೆ ಕಾಣುವುದಿಲ್ಲ.

ಮಣಿಪಾಲದಿಂದ ಹಿಂತಿರುಗುವಾಗ ಮನೆಗೆ ಹೋಗಲು ಮನಸ್ಸಾಗದೆ ಇಗರ್ಜಿಯ ಹತ್ತಿರ ಬಸ್ಸಿಳಿದೆ. ಅಂಗಡಿಯಲ್ಲಿ ಎರಡು ಮೋಂಬತ್ತಿ ಕೊಂಡೆ. ಅಮ್ಮನ ಸಮಾಧಿಯ ಮೇಲೆ ಒಂದು ಹಚ್ಚಿ, ಗೇಟು ದಾಟಿ ಹೊರಗೆ ಬಂದೆ. ಗೇರುಮರ ಇರಲಿಲ್ಲ. ಗೋಡೆಯುದ್ದಕ್ಕೂ ಸಿಮೆಂಟಿನ ಇಟ್ಟಿಗೆ ಹಾಸಿ ಕಾರು ನಿಲ್ಲಿಸುವ ಜಾಗ ಮಾಡಿದ್ದರು. ತಮ್ಮ ಮಲಗಿದ್ದು ಇಂಥಲ್ಲೇ ಎಂದು ಸರಿಯಾಗಿ ಗೊತ್ತಿದ್ದದ್ದು ಅಪ್ಪನಿಗೂ ಅಮ್ಮನಿಗೂ ಮಾತ್ರ, ಈಗ ಇಬ್ಬರೂ ಇಲ್ಲ... ಇನ್ನೊಂದು ಮೋಂಬತ್ತಿಯನ್ನು ಎಲ್ಲಿ ಹಚ್ಚುವುದೆಂದು ತಿಳಿಯದೆ, ಕಾರುಗಳ ನಡುವೆ ತುಸು ಹೊತ್ತು ನಿಂತು, ಅದನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.