ಅರ್ಧ ಸ್ವರ ಮೇಲೇರಿದ ಕಿವಿ

ಐಲಿ ನಿಸ್ಕನೆನ್ ಸಂಗೀತ ಕಲಿಯುವ ಮೊದಲೇ ಸ್ವರಗಳು ತಾವಾಗಿಯೇ ಬಂದು ಅವಳಿಗೆ ತಮ್ಮ ಹೆಸರು ಹೇಳುತ್ತಿದ್ದವು. ಅವಳ ಊರಾದ ಡುಲುತ್‌ನ ಬಂದರಿಗೆ ಅದಿರಿನ ಹಡಗು ಬಂದು ಕೂಗಿದರೆ ಓರಗೆಯ ಮಕ್ಕಳು ಕೈ ಬೀಸುತ್ತಿದ್ದರು. ಇವಳು ಮಾತ್ರ ಅದು ‘ಎಫ್’ ಸ್ವರ ಎಂದು ತೀರ್ಪು ಕೊಡುತ್ತಿದ್ದಳು. ಅಮ್ಮನ ಕಾಫಿ ಕೆಟಲ್ ‘ಬಿ’. ಅಪ್ಪನ ಗೊರಕೆ ‘ಡಿ’ಗಿಂತ ಸ್ವಲ್ಪ ಮೇಲೆ, ಅದರ ಮುಂದಿನ ಸ್ವರಕ್ಕಿಂತ ಸ್ವಲ್ಪ ಕೆಳಗೆ. ಆ ಅಡ್ಡಗೋಡೆಯ ಮೇಲಿನ ದೀಪ ಅವಳ ನಿದ್ದೆ ಕೆಡಿಸುತ್ತಿತ್ತು. ಇದು ಹುಟ್ಟಿನಿಂದ ಬಂದ ಕಿವಿ, ಇದರಲ್ಲಿ ಅವಳ ಶ್ರಮ ಎಳ್ಳಷ್ಟೂ ಇರಲಿಲ್ಲ. ಜಂಬ ಮಾತ್ರ ಪೂರ್ತಿ ಅವಳದೇ.

ಇಂಥವಳು ಬೆಟ್ಟದ ಮೇಲಿನ ಸಂಗೀತ ಕಾಲೇಜಿನಲ್ಲಿ ಕಿವಿ ಪಳಗಿಸುವ ಪಾಠ ಹೇಳುವುದಕ್ಕಲ್ಲದೆ ಇನ್ನಾವುದಕ್ಕೆ ಸೇರಬೇಕು? ಅವಳು ಪಿಯಾನೋ ಮೇಲೆ ಒಂದು ರಾಗವನ್ನು ಮೂರು ಸಲ ನುಡಿಸುವಳು, ಮಕ್ಕಳು ಕೇಳಿ ಬರೆಯಬೇಕು. ಪಾಪ, ಅವರಿಗೆ ಸ್ವರಗಳು ಹೆಸರು ಹೇಳುವುದಿಲ್ಲ. ರಾಗದ ಮನೆ ಯಾವುದೆಂದು ಮೊದಲು ಪತ್ತೆ ಮಾಡಿ, ಅದಕ್ಕೆ ‘ಡೋ’ ಎಂದು ಹೆಸರಿಟ್ಟು, ಅಲ್ಲಿಂದ ಎಷ್ಟು ಮೆಟ್ಟಿಲು ಹತ್ತಿತು, ಎಷ್ಟು ಇಳಿಯಿತು ಎಂದು ಬೆರಳು ಮಡಚುತ್ತಾ ಹೋಗಬೇಕು. ಈ ವಿದ್ಯೆಯನ್ನು ಐಲಿ ಬಲು ಚೆನ್ನಾಗಿ ಕಲಿಸುತ್ತಿದ್ದಳು. ತಾನು ಒಮ್ಮೆಯೂ ಬಳಸಿರಲಿಲ್ಲ, ಅಷ್ಟೇ. ಅವಳ ಒಂದು ಕಾನೂನಂತೂ ಕುಖ್ಯಾತವಾಗಿತ್ತು: ಮೆಟ್ಟಿಲುಗಳೆಲ್ಲ ಸರಿಯಿದ್ದು ರಾಗ ಹೊರಟ ಜಾಗದ ಹೆಸರು ತಪ್ಪಾದರೆ ಅರ್ಧವೇ ಅಂಕ. ಟ್ರಾಂಬೋನ್ ಊದುವ ಕೊರಿನ್ ಬೋಪ್ರೆ ಎಂಬ ಹುಡುಗಿ ವರ್ಷವಿಡೀ ಅರ್ಧ ಅಂಕ ತಿಂದು ತಿಂದು ಬಡವಾಗಿದ್ದಳು.

ಐವತ್ತಾರನೆಯ ವಯಸ್ಸಿನಲ್ಲಿ, ಕ್ರಿಸ್ಮಸ್ ರಜೆ ಮುಗಿಸಿ ಬಂದ ಐಲಿಗೆ ತರಗತಿಯ ಪಿಯಾನೋ ಅರ್ಧ ಸ್ವರ ಮೇಲೆ ಕೇಳಿಸಿತು. ಪಿಯಾನೋ ಶ್ರುತಿ ಮಾಡುವ ರಾಸ್ಮಸ್‌ಗೆ ಫೋನಿನಲ್ಲೇ ಮಂಗಳಾರತಿ ಆಯಿತು. ಅವನು ಶ್ರುತಿ ಹಿಡಿಯುವ ಉಕ್ಕಿನ ಕವಲನ್ನು ತಂದು ಮೊಣಕಾಲಿಗೆ ಬಡಿದು ಅವಳ ಕಿವಿಯ ಬಳಿ ಹಿಡಿದ. ಅದೂ ಅರ್ಧ ಸ್ವರ ಮೇಲೆಯೇ ಇತ್ತು. ನಿನ್ನ ಕವಲೇ ಹಾಳಾಗಿದೆ ಎಂದಳು.

“ಹಾಳಾಗೋಕೆ ಅದೇನು ಹಾಲಾ ಮೇಡಂ? ಉಕ್ಕು,” ಎಂದ ರಾಸ್ಮಸ್.

ಮನೆಗೆ ಬಂದರೆ ಕೆಟಲ್ ‘ಸಿ’ ಎನ್ನುತ್ತಿದೆ. ಫ್ರಿಜ್ ಮೇಲೇರಿದೆ, ಚರ್ಚಿನ ಗಂಟೆ ಮೇಲೇರಿದೆ, ಬಂದರಿನ ಹಡಗುಗಳೆಲ್ಲ ಯಾರೋ ಚಿವುಟಿದಂತೆ ಕೂಗುತ್ತಿವೆ. ಇಡೀ ಊರು ಸೇರಿ ಅವಳನ್ನು ಆಟವಾಡಿಸಿದಂತಿತ್ತು. ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಕಿವಿ ಇಪ್ಪತ್ತರ ಹುಡುಗಿಯದರಂತಿದೆ ಎಂದು ಹೊಗಳಿದರು. ಹುಟ್ಟಿನಿಂದಲೇ ಸ್ವರದ ಹೆಸರು ಗೊತ್ತಿರುವ ಕೆಲವರಿಗೆ ಐವತ್ತು ದಾಟಿದ ಮೇಲೆ ಹೀಗೆ ಜಾರುವುದುಂಟು, ಇದಕ್ಕೆ ಮದ್ದಿಲ್ಲ ಎಂದೂ ಸೇರಿಸಿದರು.

ಗಂಡ ವರ್ನ್‌ಗೆ ವಿಷಯ ತಿಳಿದಾಗ ಅವನು ಕಾಫಿಗೆ ಏಲಕ್ಕಿ ಬ್ರೆಡ್ ಅದ್ದುತ್ತಿದ್ದ. “ನನ್ನ ಮೊಣಕಾಲು ಕುಸೀತು, ನಿನ್ನ ಕಿವಿ ಏರ್ತು. ನಮ್ಮನೇಲಿ ಒಂದಾದ್ರೂ ಮೇಲೆ ಹೋಯ್ತಲ್ಲ ಮಾರಾಯ್ತಿ,” ಎಂದ. ಐಲಿಗೆ ಅಳು ಬರಬೇಕಿತ್ತು, ನಗು ಬಂತು. ನಗು ಬಂದಿದ್ದಕ್ಕೆ ಸಿಟ್ಟು ಬಂತು. ತಿಂಗಳುಗಟ್ಟಲೆ ಅವಳು ಹೀಗೇ ತಲೆ ತಿರುಗಿದವಳಂತೆ ಓಡಾಡಿದಳು. ಅಂಗಡಿಯಲ್ಲಿ ಬಾಲ್ಯದಿಂದ ಕೇಳಿದ ಹಾಡು ಹಾಕಿದರೆ ಅದು ಗುರುತೇ ಸಿಗದಷ್ಟು ಹೊಸದಾಗಿ ಮಿಂಚುತ್ತಿತ್ತು. ಅವಳು ಆಲೂಗಡ್ಡೆ ಚೀಲ ತಬ್ಬಿಕೊಂಡು ಬಾಯಿ ಬಿಟ್ಟು ನಿಂತುಬಿಡುತ್ತಿದ್ದಳು.

ಪಾಠಕ್ಕೇನೂ ತೊಂದರೆಯಾಗಲಿಲ್ಲ, ನುಡಿಸುವವಳು ತಾನೇ ತಾನೆ. ಭಯವಿದ್ದದ್ದು ಮೇ ತಿಂಗಳ ಕೊನೆಯ ತರಗತಿಯದು. ಪ್ರತಿ ವರ್ಷ ಅಂದು ಮಕ್ಕಳು ಪಿಯಾನೋ ನುಡಿಸುತ್ತಾರೆ, ಮೇಡಂ ಬೆನ್ನು ತಿರುಗಿಸಿ ನಿಂತು ಬೋರ್ಡಿನ ಮೇಲೆ ಬರೆಯುತ್ತಾಳೆ, ಮಕ್ಕಳೇ ಅಂಕ ಕೊಡುತ್ತಾರೆ. ಇಷ್ಟು ವರ್ಷಗಳಲ್ಲಿ ಅವಳು ಒಮ್ಮೆಯೂ ತಪ್ಪಿರಲಿಲ್ಲ, ಬಹಳ ಸಲ ಮೂರನೆಯ ಸಲಕ್ಕೂ ಕಾಯುತ್ತಿರಲಿಲ್ಲ. ಈ ಸಲ ತಪ್ಪಿದರೆ ಕೆಲಸ ಬಿಟ್ಟುಬಿಡುತ್ತೇನೆ ಎಂದು ವರ್ನ್ ಮುಂದೆ ಹೇಳಿದ್ದಳು. ಕಿವಿಯೇ ಇಲ್ಲದವಳು ಇನ್ನೊಬ್ಬರ ಕಿವಿ ತಿದ್ದುವುದು ಯಾವ ಸೀಮೆ ನ್ಯಾಯ? ಆದರೂ ಒಂದು ಉಪಾಯವಿತ್ತು. ಕೇಳಿದ್ದರಿಂದ ಅರ್ಧ ಸ್ವರ ಕಳೆದರೆ ಆಯಿತು.

ಆ ದಿನ ಪಿಯಾನೋ ಮುಂದೆ ಕೂತವಳು ಕೊರಿನ್. ತಾನೇ ಕಟ್ಟಿದ ರಾಗವೊಂದನ್ನು ಅವಳು ಶುರು ಮಾಡಿದಳು. ಐಲಿ ಮೊದಲ ಸ್ವರ ಹಿಡಿದಳು, ಕಳೆದಳು. ಎರಡನೆಯದನ್ನು ಹಿಡಿದಳು, ಕಳೆದಳು. ಮೂರನೆಯದನ್ನು ಕಳೆದೆನೋ ಇಲ್ಲವೋ ಎಂದು ಯೋಚಿಸುವಷ್ಟರಲ್ಲಿ ರಾಗ ಓಡಿ ಮನೆ ಸೇರಿತ್ತು. ಬೋರ್ಡು ಖಾಲಿ. ಹಿಂದೆ ಪಿಸುಪಿಸು ಶುರುವಾಯಿತು.

ಎರಡನೆಯ ಸಲ ನುಡಿಸಿದಾಗ ಐಲಿ ಹೆಸರುಗಳ ಗೊಡವೆಯನ್ನೇ ಬಿಟ್ಟಳು. ಕಲಿಸುತ್ತಾ ಬಂದದ್ದನ್ನು ಮೊದಲ ಬಾರಿಗೆ ತಾನೂ ಮಾಡಿದಳು. ಮನೆ ಎಲ್ಲಿದೆ? ಇಲ್ಲಿದೆ, ಇದೇ ಡೋ. ಮೂರು ಮೆಟ್ಟಿಲು ಹತ್ತಿತು, ಒಂದು ಇಳಿಯಿತು, ಅಯ್ಯೋ, ಕಳ್ಳ ರಾಗ ಐದು ಮೆಟ್ಟಿಲನ್ನು ಒಟ್ಟಿಗೇ ಹಾರಿತು. ಹಾರಿದಾಗ ಅವಳೂ ಉಯ್ಯಾಲೆ ಜೀಕಿದವಳಂತೆ ತುದಿಗಾಲಿಗೆ ಏರಿದಳು. ಈ ಮಕ್ಕಳು ಅನುಭವಿಸುತ್ತಿದ್ದದ್ದು ಇದನ್ನೇ ಏನು? ಇಷ್ಟು ಮಜಾ ಇರುವುದನ್ನು ನನಗೇಕೆ ಯಾರೂ ಹೇಳಲಿಲ್ಲ? ಮೂರನೆಯ ಸಲ ಅವಳು ಬರೆಯುತ್ತಾ ಕಿಸಿಕಿಸಿ ನಗುತ್ತಿದ್ದಳು, ಸೀಮೆಸುಣ್ಣ ಎರಡು ಸಲ ಮುರಿಯಿತು. ಕೊನೆಗೆ ರಾಗ ಹೊರಟ ಜಾಗದ ಹೆಸರು ಬರೆಯಬೇಕಾಯಿತು. ‘ಜಿ’ ಎಂದು ಅಂದಾಜು ಮಾಡಿದಳು. ಅದು ಆಗಲೇ ಅರ್ಧ ಸ್ವರ ಕಳೆದು ಸಿಕ್ಕ ಹೆಸರು ಎಂಬುದನ್ನು ಮರೆತು ಮತ್ತೊಮ್ಮೆ ಕಳೆದು, ಅದಕ್ಕಿಂತ ಅರ್ಧ ಸ್ವರ ಕೆಳಗಿನದನ್ನು ಬರೆದು ತಿರುಗಿದಳು.

ಕೊರಿನ್ ಬೋರ್ಡನ್ನು ಎರಡು ಸಲ ಓದಿದಳು. “ಮೆಟ್ಟಿಲೆಲ್ಲ ಸರಿಯಿದೆ ಮೇಡಂ. ಆದ್ರೆ ನಾನು ನುಡಿಸಿದ್ದು ಜಿ. ನೀವು...” ಎಂದು ಬೋರ್ಡಿನ ಕಡೆ ಬೆರಳು ತೋರಿಸಿ, “ಅರ್ಧ ಅಂಕ,” ಎಂದಳು.

ಐಲಿ ಮೇಜಿನ ಮೇಲೆ ಕೂತು ಎಲ್ಲವನ್ನೂ ಹೇಳಿದಳು: ಕೆಟಲ್, ರಾಸ್ಮಸ್, ಡಾಕ್ಟರು, ಎರಡು ಸಲ ಕಳೆದದ್ದು, ಎಲ್ಲ. ಹೇಳುತ್ತಾ ಹೇಳುತ್ತಾ ಅವಳಿಗೇ ನಗು ತಡೆಯಲಾಗದೆ ಮಕ್ಕಳೂ ಬಿದ್ದು ಬಿದ್ದು ನಕ್ಕರು. ಒಬ್ಬನಂತೂ ತನ್ನ ಮಾತು ಈಗ ಅವಳಿಗೆ ಹೆಣ್ಣುದನಿಯಾಗಿ ಕೇಳಿಸುತ್ತಿದೆಯೇ ಎಂದು ವಿಚಾರಿಸಿದ. ನಗು ಇಳಿದ ಮೇಲೆ ಐಲಿ, ಮುಂದಿನ ವರ್ಷ ನಿಮಗೆ ಬೇರೆ ಮೇಡಂ ಬರುತ್ತಾರೆ, ಸ್ವರದ ಹೆಸರೇ ತಿಳಿಯದವಳು ಇಲ್ಲಿ ನಿಂತು ಪಾಠ ಹೇಳಬಾರದು ಎಂದಳು.

ಕೊರಿನ್ ಪಿಯಾನೋ ಬಿಟ್ಟು ಏಳಲಿಲ್ಲ. “ನಮಗ್ಯಾರಿಗೂ ಆ ಹೆಸರು ಯಾವತ್ತೂ ಕೇಳಿಸಿಲ್ಲ ಮೇಡಂ,” ಎಂದಳು. “ಹಾಗಾದ್ರೆ ನಾವೆಲ್ಲ ಸಂಗೀತ ಬಿಟ್ಟು ಮನೆಗೆ ಹೋಗೋದಾ?”

ಅಂಥವರಿಗೇ ಇಷ್ಟು ವರ್ಷ ಪಾಠ ಹೇಳಿದ್ದೇನೆ ಎಂಬುದು ಐಲಿಗೆ ಮುಖಕ್ಕೆ ನೀರೆರಚಿದಂತೆ ಹೊಳೆಯಿತು. ಅವರ ಕಿವಿಯನ್ನು ತಾನು ಕಿವಿಯೆಂದೇ ಎಣಿಸಿರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಅದರ ಬೆನ್ನಿಗೇ ತಡೆಯಲಾರದಷ್ಟು ಖುಷಿಯಾಯಿತು.

“ಇನ್ನೊಂದು ಸಲ ನುಡಿಸೇ,” ಎಂದಳು. “ಯಾರೂ ಬರೀಬೇಡಿ.”

ಕೊರಿನ್ ತುಂಟಿ, ಬೇಕೆಂದೇ ಬೇರೆ ಜಾಗದಿಂದ ಹೊರಟಳು. ಎಲ್ಲಿಂದ ಎಂದು ಯಾರಿಗೂ ಗೊತ್ತಾಗಲಿಲ್ಲ, ಐಲಿಗೂ ಗೊತ್ತಾಗಲಿಲ್ಲ. ಮಕ್ಕಳ ಜೊತೆ ಅವಳೂ ಬಾಯಿ ತುಂಬ ಹಾಡಿದಳು. ಐದು ಮೆಟ್ಟಿಲಿನ ಆ ಜಿಗಿತ ಬಂದಾಗ ಎಲ್ಲರಿಗಿಂತ ಮೊದಲು ಹಾರಿದವಳು ಅವಳೇ.