“ಬರೋರು ಯಾರರ ಇರಲಿ” ಎಂದು ಮನೆ ಕೇಳುತ್ತಿದ್ದ ಬಸಲಿಂಗಪ್ಪ ಸರ್

ಇದು ಬೇರೆ ಯಾರೋ ಬಸಲಿಂಗಪ್ಪ ಇರಬೇಕು...

ಬೆಳಿಗ್ಗೆ ಸ್ಟಾಫ್ ಗ್ರೂಪಿನಲ್ಲಿ ಮೆಸೇಜ್ ನೋಡಿ ಹಾಗೇ ಅಂದುಕೊಂಡೆ.
ರಜೆಗೆಂದು ಬೈಲಹೊಂಗಲಕ್ಕೆ ಬಂದಿದ್ದೆ.
ನಿನ್ನೆ ಸಂಜೆ ತಾನೇ ನಮ್ಮ ಸರ್ ಫೋನ್ ಮಾಡಿ, ಹತ್ತನೇ ಕ್ಲಾಸಿನ ಟೆಸ್ಟ್ ಪೇಪರಿನಲ್ಲಿ ಒಂದು ಲೆಕ್ಕ ತಪ್ಪಿದೆ ಎಂದು ಬೈದಿದ್ದರು...
ಬೈದ ಮನುಷ್ಯ ಬೆಳಗಾಗುವಷ್ಟರಲ್ಲಿ ಇಲ್ಲ ಅಂದರೆ?

ಹಾರ್ಟ್ ಅಟ್ಯಾಕ್ ಅಂತೆ.

ಸವದತ್ತಿಗೆ ಒಂದು ಬಸ್ಸು, ರಾಮದುರ್ಗಕ್ಕೆ ಇನ್ನೊಂದು, ಅಲ್ಲಿಂದ ಟಂಟಂ...
ದಾರಿಯುದ್ದಕ್ಕೂ ಯಾರಾದರೂ “ಸುದ್ದಿ ಸುಳ್ಳು” ಎನ್ನುತ್ತಾರೇನೋ ಎಂದು ಮೊಬೈಲ್ ನೋಡುತ್ತಲೇ ಇದ್ದೆ.
ಯಾರೂ ಅನ್ನಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಅವರು ನಮ್ಮ ಸರ್ಕಾರಿ ಹೈಸ್ಕೂಲಿನ ಹೆಡ್‌ಮಾಸ್ಟರ್.
ನಾನು ಅಲ್ಲಿ ಗಣಿತ-ವಿಜ್ಞಾನದ ಟೀಚರ್... ಇಲಾಖೆಯ ಭಾಷೆಯಲ್ಲಿ ಪಿಸಿಎಂ.
ಸಾಲಹಳ್ಳಿ ದಾಟಿ ಒಳಗೆ ಬರಬೇಕಾದ ಊರು. ಶಾಲೆ ಆರಿಸಿಕೊಳ್ಳುವ ಕೌನ್ಸೆಲಿಂಗ್‌ನಲ್ಲಿ ಪರದೆಯ ಮೇಲೆ ಹೆಸರು ಬಂದರೆ ಎಲ್ಲರೂ ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದರು.
ನಾನು ಬರುವ ಮುಂಚೆ ಅಲ್ಲಿ ಗಣಿತ ಕಲಿಸುತ್ತಿದ್ದವರು ಪಿ.ಟಿ. ಸರ್!

ಅದಕ್ಕೇ ಬಸಲಿಂಗಪ್ಪ ಸರ್ ತಾವೇ ಕೌನ್ಸೆಲಿಂಗ್‌ಗೆ ಹೋಗುತ್ತಿದ್ದರು.
ಆಫೀಸಿನ ಹೊರಗೆ ಚಹಾದಂಗಡಿಯ ಹತ್ತಿರ ನಿಂತು ಸೀರೆ ಅಂಗಡಿಯವರ ಹಾಗೆ ಹೊಸಬರನ್ನು ಕರೆಯುತ್ತಿದ್ದರು...
ಲ್ಯಾಬ್ ಇದೆ, ಮಕ್ಕಳು ಚುರುಕು, ಬಾಡಿಗೆ ಮನೆ ನಾನೇ ನೋಡಿದ್ದೇನೆ ಎಂದು.
ನೇಸರಗಿಯಿಂದ ಹೋದ ನಾನು ಹಾಗೇ ಸಿಕ್ಕಿಬಿದ್ದೆ.

ಮನೆ ಚೆನ್ನಾಗಿತ್ತು. ಮನೆಯೊಡತಿ ಅಜ್ಜಿಯೂ ಒಳ್ಳೆಯವರು.
ತಿಂಗಳ ಮೇಲೆ ಅಪ್ಪ ಕೊಟ್ಟ ಬುದ್ಧನ ಫೋಟೋ ಗೋಡೆಗೆ ಹಾಕಿದೆ. ಅಜ್ಜಿ ನೋಡಿ ಕೇಳಿದರು. ನಾವು ಬೌದ್ಧರು ಎಂದು ಇದ್ದದ್ದನ್ನು ಹೇಳಿದೆ.
ಮರುದಿನವೇ ಮೊಮ್ಮಗನ ಮದುವೆ, ಮನೆ ಬೇಕು ಎಂದರು...
ಮಾತಿನ ನಡುವೆ ಇನ್ನೊಂದು ಮಾತೂ ಬಂತು.
“ಸರ್ ನಿಮ್ಮನ್ನ ನಮ್ಮ ಪೈಕಿನ ಹುಡುಗಿ ಅಂತ ಹೇಳಿದ್ರಲ್ಲವಾ...”

ಮನೆ ಬಿಡು ಅಂದದ್ದಕ್ಕಿಂತ ಅದು ಹೆಚ್ಚು ಉರಿಯಿತು.

ರಾಜೀನಾಮೆ ಬರೆದುಕೊಂಡು ಸೀದಾ ಅವರ ಚೇಂಬರಿಗೆ ಹೋದೆ. ನನ್ನ ಹೆಸರಿನಲ್ಲಿ ಸುಳ್ಳು ಹೇಳಲು ನಿಮಗೆ ಯಾರು ಹೇಳಿದ್ದು ಎಂದು ಕೇಳಿದೆ.
ದನಿ ಜೋರಾಗಿತ್ತು. ಹೊರಗೆ ಪ್ಯೂನ್ ಬಾಗಿಲು ಮುಚ್ಚಿದ.
ಸರ್ ಪತ್ರ ಓದಿದರು. ಕನ್ನಡಕ ತೆಗೆದಿಟ್ಟರು.
“ನಿಮಗ ಮನಿ ಸಿಗಲಿ ಅಂತ ಹೇಳಿದ್ನಿರಿ ಟೀಚರ್. ಖರೇ ಹೇಳಿ ಕೇಳಾಕ ನನಗ ಧೈರ್ಯ ಸಾಲಲಿಲ್ಲ. ಎರಡು ದಿನ ಕೊಡ್ರಿ. ಆಮ್ಯಾಲೂ ಹೋಗ್ತೇನಿ ಅಂದ್ರ ನಾನ ಸೀಲ್ ಹೊಡದು ಕಳಸತೇನಿ.”

ಮರುದಿನ ಎಸ್‌ಡಿಎಂಸಿ, ಅಂದರೆ ಶಾಲಾ ಸಮಿತಿಯ ಮೀಟಿಂಗ್.
ಊರ ಹಿರಿಯರ ಎದುರು ಎದ್ದು ನಿಂತು ತಾವು ಸುಳ್ಳು ಹೇಳಿದ್ದಾಗಿ ಒಪ್ಪಿಕೊಂಡರು. ಒಬ್ಬ ಗಣಿತ ಟೀಚರ್ ಊರು ಬಿಡುವ ಹಾಗೆ ಮಾಡಿದ್ದು ನಾವೇ ಎಂದೂ ಹೇಳಿದರು.
ನನ್ನ ಕಡೆ ತಿರುಗಿ ಕ್ಷಮೆ ಕೇಳಿದರು.
ಆಮೇಲೆ ತಮ್ಮ ಮನೆಯ ಮೇಲಿನ ಎರಡು ಖೋಲಿ ತೋರಿಸಿದರು. ಬಾಡಿಗೆಗಾದರೆ ಬರುತ್ತೇನೆ, ಉಪಕಾರಕ್ಕಾದರೆ ಬೇಡ ಎಂದೆ.
“ಬಾಡಿಗಿಗೇ ಬರ್ರಿ” ಅಂದರು.

ಸರ್...
ನಿಮಗೆ ಎದುರಿಗೆ ಹೇಳದೇ ಉಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ.
ಆವತ್ತು ನೀವು ಕ್ಷಮೆ ಕೇಳಿದಾಗ “ಇರಲಿ ಬಿಡ್ರಿ ಸರ್” ಅಂದಿದ್ದೆ. ಸಿಟ್ಟು ಪೂರ್ತಿ ಹೋಗಿರಲಿಲ್ಲ.
ಹೋದದ್ದು ಯಾವಾಗ ಗೊತ್ತೇ?
ಮುಂದಿನ ಕೌನ್ಸೆಲಿಂಗ್‌ಗೆ ಮುಂಚೆ ನೀವು ನೋಟ್‌ಬುಕ್ ಹಿಡಿದು ಮನೆಮನೆ ತಿರುಗಿದಾಗ.
“ಬರೋರು ಯಾರರ ಇರಲಿ, ಮನಿ ಕೊಡ್ತೀರಿ?”
ಹೂಂ ಅಂದವರ ಮನೆ ಮಾತ್ರ ಬರೆದುಕೊಂಡಿರಿ.
ಮೊದಲ ವರ್ಷ ಎರಡೇ ಮನೆ... ಅದರಲ್ಲಿ ಒಂದು ನಿಮ್ಮದೇ!
ಆ ಪುಟ ನೋಡಿ ನಗು ಬಂದಿತ್ತು ಸರ್... ಅಳುವೂ ಬಂದಿತ್ತು.

ಆಮೇಲೆ ಪಟ್ಟಿ ಬೆಳೆಯಿತು. ಸವದತ್ತಿಯಿಂದ ನಮ್ಮ ಸಲ್ಮಾ ಟೀಚರ್ ಬಯಾಲಜಿಗೆ ಬಂದರು, ಇವತ್ತಿಗೂ ಇದ್ದಾರೆ.

ಇನ್ನೊಂದು ವಿಷಯ ನಿಮ್ಮಿಂದ ಮುಚ್ಚಿಟ್ಟಿದ್ದೆ.
ಹೋದ ವಾರ ವರ್ಗಾವಣೆಗೆ ಅರ್ಜಿ ಹಾಕಿದ್ದೇನೆ. ಮನೆಯವರ ಕೆಲಸ ಬೈಲಹೊಂಗಲದಲ್ಲಿ, ಮಗಳು ಅಲ್ಲೇ ಶಾಲೆಗೆ ಸೇರಬೇಕು...
ನಿಮ್ಮ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ.

ಇವತ್ತು ಮಣ್ಣಿನ ಕಾರ್ಯ ಮುಗಿದ ಮೇಲೆ ಕಾಕಿ, ನಿಮ್ಮ ಮನೆಯವರು, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು.
ನಿಮಗೆ ಗೊತ್ತಿತ್ತಂತೆ. ಇಲಾಖೆಯ ಲಿಸ್ಟಿನಲ್ಲಿ ನನ್ನ ಹೆಸರು ನೋಡಿದ್ದಿರಂತೆ.
ನಾನೇ ಹೇಳುವವರೆಗೆ ಕೇಳಬಾರದು ಎಂದು ಕಾಕಿಗೂ ತಾಕೀತು ಮಾಡಿದ್ದಿರಂತೆ.

“ಹೋಗೂದು ಆಕಿ ಹಕ್ಕು ಅಂದ್ರವಾ” ಎಂದರು ಕಾಕಿ. “ಇರಬೇಕು ಅನ್ನೋರಿಗೆ ಇರೂಹಂಗ ಊರು ಇಡೂದು ನಮ್ಮ ಕೆಲಸ, ಮ್ಯಾಲಿನ ಮನಿ ಮುಂದ ಬರೋ ಟೀಚರ್‌ಗೇ ಇರಲಿ ಅಂದ್ರು.”

ಅಲ್ಲಿಯವರೆಗೆ ತಡೆದುಕೊಂಡಿದ್ದೆ... ಆಮೇಲೆ ಆಗಲಿಲ್ಲ.

ಅರ್ಜಿ ವಾಪಸ್ ತೆಗೆದುಕೊಳ್ಳುವುದಿಲ್ಲ ಸರ್. ತೆಗೆದುಕೊಂಡರೆ ನೀವೇ ಬೈಯುತ್ತಿದ್ದಿರಿ.
ಆದರೆ ಶಾಲೆಯನ್ನು ಮತ್ತೆ ಪಿ.ಟಿ. ಸರ್ ಕೈಗೆ ಕೊಟ್ಟು ಹೋಗಲಾರೆ.

ಅದಕ್ಕೇ ಗೆಳೆಯರೇ, RIP ಬರೆಯುವ ಮುಂಚೆ ಒಂದು ನಿಮಿಷ...
ನಿಮ್ಮಲ್ಲಿ, ನಿಮ್ಮ ಗೊತ್ತಿನವರಲ್ಲಿ ಈ ಸಲ ಕೌನ್ಸೆಲಿಂಗ್‌ಗೆ ಹೋಗುವ ಪಿಸಿಎಂ ಟೀಚರ್ ಯಾರಾದರೂ ಇದ್ದರೆ ನನಗೆ ಮೆಸೇಜ್ ಮಾಡಿ.
ಬಸ್ಸು ಕಡಿಮೆ. ಬೇಸಿಗೆಯಲ್ಲಿ ಕರೆಂಟ್ ಇರುವುದಿಲ್ಲ. ಊರಿನ ಎಲ್ಲ ಮನೆ ಬಾಗಿಲೂ ಇನ್ನೂ ತೆರೆದಿಲ್ಲ.
ಮಕ್ಕಳು ಮಾತ್ರ ನಿಜಕ್ಕೂ ಚುರುಕು.
ಸರ್ ಮನೆಯ ಮೇಲೆ ಎರಡು ಖೋಲಿ ಇವೆ. ನೀವು ಯಾರ ಪೈಕಿ ಎಂದು ಕಾಕಿ ಕೇಳುವುದಿಲ್ಲ.

ನೆಮ್ಮದಿಯಿಂದ ಮಲಗಿ ಸರ್...
ನಿಮ್ಮ ಜೀವಕ್ಕೆ ಶಾಂತಿ ಇರಲಿ. 🙏